ಬೊರಿವಲಿಯ ಸೆಕೆ, ಕಂಪ್ಯೂಟರ್‌ನ ಗದ್ದಲ: ನೀರು ಹರಿಸಿದರೆ ತಣ್ಣಗಾಗುತ್ತಾ?

ಮುಂಬೈನ ಪಶ್ಚಿಮ ಉಪನಗರ ಬೊರಿವಲಿಯಲ್ಲಿ ಏಪ್ರಿಲ್ ಬಂತೆಂದರೆ ಮನೆಯೊಳಗೆ ಕೂರುವುದೇ ಕಷ್ಟ. ಥರ್ಮಾಮೀಟರ್ ತೋರಿಸುವುದು 33 ಡಿಗ್ರಿ ಮಾತ್ರ. ಆದರೆ ಗೊರಾಯಿ ಖಾಡಿಯ ಕಡೆಯಿಂದ ಬರುವ ತೇವದ ಗಾಳಿಗೆ ಅಂಗಿ ಮೈಗೆ ಅಂಟಿಕೊಳ್ಳುತ್ತದೆ. ಒಂದು ಹಾಲ್, ಒಂದು ಕೋಣೆ, ಒಂದು ಅಡುಗೆಮನೆಯ ಫ್ಲ್ಯಾಟ್. ಹಾಲ್‌ನ ಮೂಲೆಯಲ್ಲಿ ಕಂಪ್ಯೂಟರ್. ರಾತ್ರಿ ಅದೇ ಹಾಲ್‌ನಲ್ಲಿ ಹಾಸಿಗೆ ಬಿಚ್ಚಿ ಇಬ್ಬರು ಮಲಗಬೇಕು. ಮಗ ಅಮೆರಿಕದ ಕಂಪನಿಗೆ ರಾತ್ರಿ ಪಾಳಿಯಲ್ಲಿ ದುಡಿಯುತ್ತಿದ್ದರೆ, ಇಲ್ಲವೇ ಮಗಳು ಅನಿಮೇಷನ್ ಕೋರ್ಸಿನ ಕೆಲಸವನ್ನು ರಾತ್ರಿಯಿಡೀ ರೆಂಡರಿಂಗ್‌ಗೆ ಬಿಟ್ಟಿದ್ದರೆ, ಆ ಮೂಲೆಯಿಂದ ಬರುವ ಭರ್ ಎನ್ನುವ ಸದ್ದಿಗೆ ಮನೆಯವರಿಗೆಲ್ಲ ನಿದ್ದೆಗೇಡು.

ಇಂಥ ಮನೆಗಳಿಗೆ ಅಂಗಡಿಯವರಿಂದ ಹಿಡಿದು ಪಕ್ಕದ ಮನೆಯ ಹುಡುಗನವರೆಗೆ ಎಲ್ಲರೂ ಕೊಡುವ ಸಲಹೆ ಒಂದೇ. ವಾಟರ್ ಕೂಲಿಂಗ್ ಹಾಕಿಸಿ, ಸದ್ದೂ ಇರುವುದಿಲ್ಲ, ಬಿಸಿಯೂ ಇರುವುದಿಲ್ಲ. ಗ್ರಾಂಟ್ ರೋಡ್ ಸ್ಟೇಷನ್‌ನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಿಗೆ ಹೋದರೆ ಬಣ್ಣದ ದೀಪ ಮಿನುಗುವ ವಾಟರ್ ಕೂಲರ್‌ಗಳ ಸಾಲೇ ಕಾಣಿಸುತ್ತದೆ. ಬೆಲೆ ಐದಾರು ಸಾವಿರದಿಂದ ಶುರುವಾಗಿ ಹದಿನೈದು ಸಾವಿರ ದಾಟುತ್ತದೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲೂ ಕಥೆ ಬೇರೆಯಲ್ಲ. ಅಷ್ಟು ಹಣ ಎಣಿಸಿ ಕೊಡುವ ಮುನ್ನ, ನೀರು ಕಂಪ್ಯೂಟರ್‌ನೊಳಗೆ ಏನು ಮಾಡುತ್ತದೆ, ಏನು ಮಾಡಲಾರದು ಎಂಬುದನ್ನು ತಿಳಿದುಕೊಂಡರೆ ಜೇಬಿಗೂ ಒಳ್ಳೆಯದು, ನಿದ್ದೆಗೂ ಒಳ್ಳೆಯದು.

ಬಿಸಿ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ

ಮೊದಲು ಒಂದು ಸರಳ ಲೆಕ್ಕ. ಕಂಪ್ಯೂಟರ್ ಎಳೆದುಕೊಳ್ಳುವ ವಿದ್ಯುತ್ ಹೆಚ್ಚುಕಡಿಮೆ ಪೂರ್ತಿಯಾಗಿ ಬಿಸಿಯಾಗಿಯೇ ಹೊರಬರುತ್ತದೆ. 300 ವ್ಯಾಟ್ ತಿನ್ನುವ ಕಂಪ್ಯೂಟರ್ ಎಂದರೆ ಕೋಣೆಯಲ್ಲಿಟ್ಟ 300 ವ್ಯಾಟ್‌ನ ಹೀಟರ್ ಎಂದೇ ಅರ್ಥ. ಸುಮ್ಮನೆ ಕೂತ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್‌ನಷ್ಟು ಶಾಖ ಹೊರಬರುತ್ತದೆ. ಅಂದರೆ ಗೇಮ್ ಆಡುವಾಗ ನಿಮ್ಮ ಹಾಲ್‌ಗೆ ಕಣ್ಣಿಗೆ ಕಾಣದ ಮೂವರು ನೆಂಟರು ಬಂದು ಕೂತ ಹಾಗೆ. ಕರೆಂಟ್ ಬಿಲ್ಲಿನ ಲೆಕ್ಕ ಬೇಕಿದ್ದರೆ, ದಿನಕ್ಕೆ 8 ತಾಸು ಓಡಿದರೆ 2.4 ಯೂನಿಟ್, ತಿಂಗಳಿಗೆ 72 ಯೂನಿಟ್. ಯೂನಿಟ್‌ಗೆ 10 ರೂಪಾಯಿ ಎಂದು ಹಿಡಿದರೂ 720 ರೂಪಾಯಿ.

ಈಗ ಫ್ಯಾನ್ ಹಾಕಿ, ನೀರು ಹರಿಸಿ, ಏನೇ ಮಾಡಿ, ಆ 300 ವ್ಯಾಟ್ ಕೊನೆಗೆ ಸೇರುವುದು ಅದೇ ಹಾಲ್‌ಗೆ. ಕೂಲರ್ ಮಾಡುವ ಕೆಲಸವೆಂದರೆ ಚಿಪ್‌ನ ಬಿಸಿಯನ್ನು ಬೇಗ ಬೇಗ ಎತ್ತಿ ಕೋಣೆಯ ಗಾಳಿಗೆ ಸುರಿಯುವುದು, ಅಷ್ಟೇ. "ವಾಟರ್ ಕೂಲಿಂಗ್ ಹಾಕಿದ ಮೇಲೆ ರೂಮೂ ತಣ್ಣಗಿದೆ" ಎಂದು ಯಾರಾದರೂ ಹೇಳಿದರೆ ಅದು ಮನಸ್ಸಿನ ಸಮಾಧಾನವೇ ಹೊರತು ಭೌತಶಾಸ್ತ್ರ ಅಲ್ಲ.

ಹಾಗಾದರೆ ಚಿಪ್‌ಗೇಕೆ ಇಷ್ಟು ಉಪಚಾರ? ಜಾಗ ಚಿಕ್ಕದು, ಬಿಸಿ ದೊಡ್ಡದು, ಅದಕ್ಕೆ. 2,000 ವ್ಯಾಟ್‌ನ ಇಂಡಕ್ಷನ್ ಒಲೆಯ ಶಾಖ ಒಂದು ದೋಸೆಯಗಲದಲ್ಲಿ ಹರಡಿರುತ್ತದೆ. ಪ್ರೊಸೆಸರ್‌ನ 150 ವ್ಯಾಟ್ ಹುಟ್ಟುವುದು ಹೆಬ್ಬೆರಳ ಉಗುರಿನಷ್ಟು ಸಿಲಿಕಾನ್ ತುಂಡಿನಲ್ಲಿ. ಒಂದು ಚದರ ಸೆಂಟಿಮೀಟರ್‌ಗೆ ಲೆಕ್ಕ ಹಾಕಿದರೆ ಒಲೆಗಿಂತ ಹತ್ತು ಪಟ್ಟು ಮೀರಿದ ಶಾಖ. ಆ ಬಿಸಿಯನ್ನು ತಕ್ಷಣ ಸಾಗಿಸದಿದ್ದರೆ ಚಿಪ್‌ನ ತಾಪಮಾನ 95-100 ಡಿಗ್ರಿ ಮುಟ್ಟುತ್ತದೆ. ಈಗಿನ ಪ್ರೊಸೆಸರ್‌ಗಳು ಅಲ್ಲಿಗೆ ತಲುಪಿದೊಡನೆ ಸುಟ್ಟುಹೋಗುವುದಿಲ್ಲ, ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ಹಣ ಕೊಟ್ಟು ತಂದ ವೇಗ ಹೀಗೆ ಸೆಕೆಯಲ್ಲಿ ಸೋರಿಹೋಗುತ್ತದೆ.

ಇಲ್ಲಿ ಊರಿನ ಲೆಕ್ಕವೂ ಸೇರುತ್ತದೆ. ಯಾವುದೇ ಕೂಲರ್ ಚಿಪ್ ಅನ್ನು ಕೋಣೆಯ ತಾಪಮಾನಕ್ಕಿಂತ ಇಷ್ಟು ಡಿಗ್ರಿ ಮೇಲೆ ಹಿಡಿದಿಡಬಲ್ಲದು ಎಂಬುದೇ ಅದರ ಸಾಮರ್ಥ್ಯ. ಯೂರೋಪಿನ 22 ಡಿಗ್ರಿ ಕೋಣೆಯಲ್ಲಿ ಪರೀಕ್ಷೆ ಮಾಡಿದವರು 65 ಡಿಗ್ರಿ ಬಂತು ಎಂದು ಬರೆದಿದ್ದರೆ, ಬೊರಿವಲಿಯ 33 ಡಿಗ್ರಿ ಹಾಲ್‌ನಲ್ಲಿ ಅದೇ ಕೂಲರ್, ಅದೇ ಕೆಲಸಕ್ಕೆ 76ರ ಆಸುಪಾಸು ತೋರಿಸುತ್ತದೆ. ವಿಡಿಯೋ ನೋಡಿ ಕೊಂಡವರು "ನನ್ನದೇ ಪೀಸ್ ಹಾಳು" ಎಂದು ಅಂಗಡಿಗೆ ವಾಪಸ್ ಓಡುವುದು ಈ 11 ಡಿಗ್ರಿಯನ್ನು ಕೂಡಿಸಿಕೊಳ್ಳದ ಕಾರಣಕ್ಕೆ.

ಸದ್ದು ಎಲ್ಲಿಂದ ಬರುತ್ತದೆ?

ಗದ್ದಲದ ಮೂಲ ಫ್ಯಾನ್. ಫ್ಯಾನ್‌ನ ವಿಷಯದಲ್ಲಿ ನೆನಪಿಡಬೇಕಾದ ಒಂದು ನಿಯಮವಿದೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಾಳಿಯೂ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬಲ್‌ನಷ್ಟು ಇಳಿಯುತ್ತದೆ. 10 ಡೆಸಿಬಲ್ ಇಳಿದರೇ ಕಿವಿಗೆ ಸದ್ದು ಅರ್ಧವಾದಂತೆ ಅನಿಸುತ್ತದೆ. ಇನ್ನೊಂದು ಕಡೆ, ಒಂದೇ ಸದ್ದಿನ ಎರಡು ಫ್ಯಾನ್ ಜೊತೆಗಿಟ್ಟರೆ ಏರುವುದು ಬರೀ 3 ಡೆಸಿಬಲ್. ಆದ್ದರಿಂದ ಜೋರಾಗಿ ತಿರುಗುವ ಒಂದು ಪುಟ್ಟ ಫ್ಯಾನ್‌ಗಿಂತ ನಿಧಾನವಾಗಿ ತಿರುಗುವ ಎರಡು ದೊಡ್ಡ ಫ್ಯಾನ್ ಯಾವತ್ತೂ ಮೇಲು. ಪ್ರೊಸೆಸರ್ ಜೊತೆ ಪೆಟ್ಟಿಗೆಯಲ್ಲಿ ಬರುವ ಚಿಕ್ಕ ಕೂಲರ್ ಕಿರುಚುವುದಕ್ಕೂ 140 ಮಿಲಿಮೀಟರ್‌ನ ಫ್ಯಾನ್ ಪಿಸುಗುಟ್ಟುವುದಕ್ಕೂ ಕಾರಣ ಇದೇ.

ದೇಶದ ಶಬ್ದಮಾಲಿನ್ಯ ನಿಯಮ 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಲೋಕಲ್ ರೈಲು, ಹೈವೇ, ಬೀದಿಗೊಂದರಂತೆ ನಡೆಯುವ ಕಟ್ಟಡಗಳ ರಿಡೆವಲಪ್‌ಮೆಂಟ್ ಕೆಲಸದ ನಡುವೆ ಬೊರಿವಲಿಯಲ್ಲಿ ಅದನ್ನು ಯಾರು ಅಳೆಯುತ್ತಾರೋ ಗೊತ್ತಿಲ್ಲ! ಒಂದಂತೂ ನಿಜ, ತಲೆಯ ಮೇಲೆ ಸೀಲಿಂಗ್ ಫ್ಯಾನ್ ನಾಲ್ಕರಲ್ಲಿ ತಿರುಗುತ್ತಿರುವಾಗ ಕಂಪ್ಯೂಟರ್‌ನಿಂದ ಸೂಜಿ ಬಿದ್ದರೂ ಕೇಳುವಷ್ಟು ಮೌನ ಬಯಸುವುದು ಹಣ ಪೋಲು ಮಾಡಿದಂತೆ. ಸೀಲಿಂಗ್ ಫ್ಯಾನ್‌ನ ಸದ್ದಿನಲ್ಲಿ ಮುಳುಗಿಹೋಗುವಷ್ಟು ಮೆತ್ತಗಾದರೆ ಸಾಕು. ಜೊತೆಗೆ ಸದ್ದು ಏರಿಳಿಯಬಾರದು. ಒಂದೇ ಸಮನೆ ಬರುವ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ. ನಿದ್ದೆ ಕೆಡಿಸುವುದು ಗಳಿಗೆಗೊಮ್ಮೆ ಏರಿ ಇಳಿಯುವ ಭೋರ್ಗರೆತ.

ನೀರಿನ ಕೈಚಳಕ

ಬಿಸಿ ಸಾಗಿಸಲು ನೀರು ನಿಜಕ್ಕೂ ಗಟ್ಟಿಗ. ಒಂದು ಲೀಟರ್ ಗಾಳಿಯನ್ನೂ ಒಂದು ಲೀಟರ್ ನೀರನ್ನೂ ಒಂದೊಂದು ಡಿಗ್ರಿ ಬಿಸಿ ಮಾಡಿದರೆ ನೀರು ಹೀರಿಕೊಳ್ಳುವ ಶಾಖ ಸುಮಾರು 3,500 ಪಟ್ಟು ಹೆಚ್ಚು. ಬಿಸಿಯನ್ನು ತನ್ನ ಮೂಲಕ ದಾಟಿಸುವ ಗುಣದಲ್ಲೂ ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮುಂದಿದೆ. ದೊಡ್ಡ ಕಂಪ್ಯೂಟರ್‌ಗಳ ತಯಾರಕರಿಗೆ ಇದು ಹಿಂದಿನಿಂದಲೂ ಗೊತ್ತು. ಐಬಿಎಂ ತನ್ನ ಭಾರೀ ಯಂತ್ರಗಳಿಗೆ 1960ರ ದಶಕದಿಂದಲೇ ನೀರು ಹರಿಸುತ್ತಿತ್ತು. 1985ರ ಕ್ರೇ-2 ಸೂಪರ್ ಕಂಪ್ಯೂಟರ್‌ನ ಸರ್ಕ್ಯೂಟ್‌ಗಳು ವಿದ್ಯುತ್ ಹರಿಸದ ಒಂದು ದ್ರವದಲ್ಲಿ ಪೂರ್ತಿ ಮುಳುಗಿಯೇ ಕೆಲಸ ಮಾಡುತ್ತಿದ್ದವು. ಮನೆಬಳಕೆಗೆ ಬಂದರೆ, ಆಪಲ್ ಕಂಪನಿ 2004ರಲ್ಲಿ ಪವರ್ ಮ್ಯಾಕ್ ಜಿ5ರ 2.5 ಗಿಗಾಹರ್ಟ್ಸ್ ಮಾದರಿಗೆ ದ್ರವ ಹರಿಯುವ ಕೂಲಿಂಗ್ ಕೂರಿಸಿತು. ವರ್ಷಗಳು ಕಳೆದಂತೆ ಅವುಗಳಲ್ಲಿ ಕೆಲವು ಸೋರಿದ್ದೂ ಉಂಟು.

ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಆಲ್ ಇನ್ ಒನ್ ಎನ್ನುವ ಮೊಹರಾದ ಕಿಟ್. ಪ್ರೊಸೆಸರ್ ಮೇಲೆ ಕೂರುವ ತಾಮ್ರದ ತಳದ ಡಬ್ಬಿ, ಅದರೊಳಗೇ ಪುಟ್ಟ ಪಂಪ್, ಎರಡು ರಬ್ಬರ್ ಕೊಳವೆ, ಕಾರಿನಲ್ಲಿ ಇರುವಂಥದ್ದೇ ಒಂದು ಚಿಕ್ಕ ರೇಡಿಯೇಟರ್, ಅದಕ್ಕೆ ಅಂಟಿದ ಒಂದೋ ಎರಡೋ ಮೂರೋ ಫ್ಯಾನ್. ಒಳಗಿರುವುದು ನೀರು ಮತ್ತು ಗ್ಲೈಕಾಲ್ ಮಿಶ್ರಣ. ಗಮನಿಸಿ, ಇಲ್ಲೂ ಫ್ಯಾನ್ ಇದೆ. ಫ್ಯಾನ್‌ನ ಜೊತೆಗೆ ಪಂಪ್‌ನ ಗುಂಯ್‌ಗುಡುವಿಕೆಯೂ ಸೇರಿಕೊಂಡಿದೆ. ಅಗ್ಗದ ಕಿಟ್ ಹಾಕಿಸಿದವರಿಗೆ ರಾತ್ರಿ ಕಾಡುವುದು ಫ್ಯಾನ್ ಅಲ್ಲ, ನಿಲ್ಲಿಸಲಾಗದ ಆ ಪಂಪ್. ನೀರು ಹಾಕಿದೊಡನೆ ಮೌನ ಬರುತ್ತದೆ ಎಂಬ ಮಾತು ಅರ್ಧ ನಿಜ.

ಉಳಿದರ್ಧ ನಿಜ ಯಾವುದು? ನೀರಿಗೆ ಬಿಸಿಯೇರಲು ಸಮಯ ಬೇಕು. ನಾಲ್ಕು ಟ್ಯಾಬ್ ಒಟ್ಟಿಗೆ ತೆರೆದಾಗ ಪ್ರೊಸೆಸರ್ ಒಂದು ಕ್ಷಣ ಕೊತಕೊತ ಎಂದರೂ ನೀರಿನ ತಾಪಮಾನ ಅಲುಗುವುದಿಲ್ಲ. ಹಾಗಾಗಿ ನೀರಿನ ತಾಪಮಾನ ನೋಡಿ ಫ್ಯಾನ್ ತಿರುಗುವಂತೆ ಹೊಂದಿಸಿದ್ದರೆ ಸದ್ದಿನ ಏರಿಳಿತ ನಿಲ್ಲುತ್ತದೆ. ತಾಸುಗಟ್ಟಲೆ 200 ವ್ಯಾಟ್ ಮೀರಿ ಉರಿಯುವ ದೊಡ್ಡ ಪ್ರೊಸೆಸರ್ ಇದ್ದರೆ, ರೆಂಡರಿಂಗೇ ಹೊಟ್ಟೆಪಾಡಾಗಿದ್ದರೆ, ಮೂರು ಫ್ಯಾನ್‌ನ 360 ಮಿಲಿಮೀಟರ್ ರೇಡಿಯೇಟರ್‌ಗೆ ಹಣ ಹಾಕುವುದರಲ್ಲಿ ಅರ್ಥವಿದೆ. ಕಚೇರಿ ಕೆಲಸ, ಆನ್‌ಲೈನ್ ಕ್ಲಾಸ್, ಸಂಜೆ ಒಂದು ಗೇಮ್ ಎನ್ನುವವರ ಪ್ರೊಸೆಸರ್ ಹೆಚ್ಚಿನ ಹೊತ್ತು 65 ವ್ಯಾಟ್‌ನ ಒಳಗೇ ಇರುತ್ತದೆ. ಅದಕ್ಕೆ ರೇಡಿಯೇಟರ್ ಹಾಕುವುದು ಸೊಳ್ಳೆಗೆ ಕೊಡಲಿ ಎತ್ತಿದ ಹಾಗೆ.

ಗಾಳಿ ಕೂಲರ್‌ನ ಹೊಟ್ಟೆಯಲ್ಲೂ ನೀರು!

ಎರಡು-ಮೂರು ಸಾವಿರಕ್ಕೆ ಸಿಗುವ ಟವರ್ ಕೂಲರ್ ನೋಡಿ. ತೆಳು ಅಲ್ಯೂಮಿನಿಯಂ ಹಾಳೆಗಳ ಕಟ್ಟು, ಅದರೊಳಗೆ ನುಗ್ಗಿ ಹೋದ ನಾಲ್ಕೈದು ತಾಮ್ರದ ಕೊಳವೆ, ಪಕ್ಕದಲ್ಲೊಂದು ದೊಡ್ಡ ಫ್ಯಾನ್. ಎಲ್ಲರೂ ಇದನ್ನು ಗಾಳಿಯ ಕೂಲರ್ ಎನ್ನುತ್ತಾರೆ. ಆದರೆ ಆ ತಾಮ್ರದ ಕೊಳವೆ ಗಟ್ಟಿ ಸರಳಲ್ಲ, ಟೊಳ್ಳು. ಗಾಳಿಯನ್ನೆಲ್ಲ ಹೊರತೆಗೆದು, ಒಂದು ಚಮಚಕ್ಕಿಂತ ಕಡಿಮೆ ನೀರು ಬಿಟ್ಟು, ಎರಡೂ ತುದಿ ಮುಚ್ಚಿರುತ್ತಾರೆ. ಇದರ ಹೆಸರು ಹೀಟ್ ಪೈಪ್.

ಪ್ರೆಷರ್ ಕುಕ್ಕರ್‌ನಲ್ಲಿ ಒತ್ತಡ ಏರಿಸುವುದರಿಂದ ನೀರು ಸುಮಾರು 120 ಡಿಗ್ರಿಯವರೆಗೆ ಕುದಿಯದೆ ಕಾಯುತ್ತದೆ. ಹೀಟ್ ಪೈಪ್‌ನಲ್ಲಿ ನಡೆಯುವುದು ಇದರ ತಿರುಗುಮುರುಗು. ಒಳಗೆ ಒತ್ತಡ ಬಹಳ ಕಡಿಮೆ ಇರುವುದರಿಂದ ನೀರು 40 ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗುತ್ತದೆ. ಚಿಪ್‌ಗೆ ತಾಗಿದ ತುದಿಯಲ್ಲಿ ಎದ್ದ ಆವಿ ಕಣ್ಣುಮುಚ್ಚಿ ತೆರೆಯುವುದರೊಳಗೆ ತಣ್ಣನೆಯ ತುದಿಗೆ ಓಡಿ, ಇಡ್ಲಿ ಪಾತ್ರೆಯ ಮುಚ್ಚಳದ ಒಳಗೆ ನೀರು ಕಟ್ಟುವ ಹಾಗೆ, ಅಲ್ಲಿ ಮತ್ತೆ ನೀರಾಗುತ್ತದೆ. ಹಾಗೆ ನೀರಾಗುವಾಗ ಹೊತ್ತು ತಂದ ಬಿಸಿಯನ್ನು ಹಾಳೆಗಳಿಗೆ ಕೊಡುತ್ತದೆ. ಕೊಳವೆಯ ಒಳಗೋಡೆಯಲ್ಲಿ ತಾಮ್ರದ ಪುಡಿಯ ಸೂಕ್ಷ್ಮರಂಧ್ರದ ಪದರವಿರುತ್ತದೆ. ದೀಪದ ಬತ್ತಿ ಎಣ್ಣೆ ಏರಿಸಿಕೊಳ್ಳುವಂತೆ ಅದು ನೀರನ್ನು ಚಿಪ್‌ನ ಕಡೆಗೆ ಹಿಂದಕ್ಕೆ ಎಳೆದು ತರುತ್ತದೆ. ಪಂಪ್ ಇಲ್ಲ, ವಿದ್ಯುತ್ ಬೇಡ, ಸದ್ದಿಲ್ಲ.

ಒಂದು ಚಮಚ ನೀರಿಗೆ ಇಷ್ಟು ಶಕ್ತಿ ಹೇಗೆ? ಒಂದು ಗ್ರಾಂ ನೀರನ್ನು 10 ಡಿಗ್ರಿ ಬಿಸಿ ಮಾಡಲು ಬೇಕಾಗುವುದು 42 ಜೂಲ್. ಅದೇ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಹೀರಿಕೊಳ್ಳುತ್ತದೆ. ಹರಿದು ಹೋಗುವ ನೀರಿಗಿಂತ ಆವಿಯಾಗುವ ನೀರು ಐವತ್ತು ಪಟ್ಟು ಹೆಚ್ಚು ಹೊರೆ ಹೊರುತ್ತದೆ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ 1963ರಲ್ಲಿ ಮಾಡಿ ತೋರಿಸಿದ ಈ ಕೊಳವೆ ಉಪಗ್ರಹಗಳಲ್ಲಿ ಕೆಲಸ ಮಾಡಿ, ಈಗ ನಿಮ್ಮ ಲ್ಯಾಪ್‌ಟಾಪ್‌ನೊಳಗೂ ಇದೆ. ಅಂದರೆ ಬಹಳ ಮಂದಿ ತಮಗೆ ಗೊತ್ತಿಲ್ಲದೆಯೇ ವಾಟರ್ ಕೂಲಿಂಗ್ ಬಳಸುತ್ತಿದ್ದಾರೆ.

120-150 ವ್ಯಾಟ್‌ವರೆಗಿನ ಪ್ರೊಸೆಸರ್‌ಗೆ ಒಳ್ಳೆಯ ಟವರ್ ಕೂಲರ್‌ಗೂ ಎರಡು ಫ್ಯಾನ್‌ನ ವಾಟರ್ ಕಿಟ್‌ಗೂ ವ್ಯತ್ಯಾಸ ಕೆಲವೇ ಡಿಗ್ರಿ. ಮನೆಗಳ ಮಟ್ಟಿಗೆ ಟವರ್ ಕೂಲರೇ ಸರಿಯಾದ ಆಯ್ಕೆ ಎನ್ನಲು ಇಷ್ಟು ಸಾಕು. ಆದರೆ ಎರಡು ಎಚ್ಚರಿಕೆ. ಅದರ ಎತ್ತರ 150-160 ಮಿಲಿಮೀಟರ್ ಇರುವುದರಿಂದ ಸಪೂರ ಕ್ಯಾಬಿನೆಟ್‌ನಲ್ಲಿ ಹಿಡಿಸುವುದಿಲ್ಲ. ತೂಕವೂ ಮುಕ್ಕಾಲು ಕಿಲೋದಿಂದ ಒಂದು ಕಿಲೋ. ಮುಂಬೈನಲ್ಲಿ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಮನೆ ಬದಲಿಸುವಾಗ ಕಂಪ್ಯೂಟರ್ ಅನ್ನು ಹಾಗೇ ಟೆಂಪೋಗೆ ಏರಿಸಿದರೆ, ಹೊಂಡದ ರಸ್ತೆಯ ಕುಲುಕಾಟಕ್ಕೆ ಆ ಭಾರ ಮದರ್‌ಬೋರ್ಡ್ ಅನ್ನೇ ಎಳೆದು ಬಿರುಕು ಬಿಡಿಸಬಹುದು. ಸಾಗಿಸುವ ಮುನ್ನ ಕೂಲರ್ ಬಿಚ್ಚಿಡಿ, ಇಲ್ಲವೇ ಕ್ಯಾಬಿನೆಟ್ ಅನ್ನು ಅಡ್ಡ ಮಲಗಿಸಿ, ಮದರ್‌ಬೋರ್ಡ್ ಕೆಳಗೆ ಬರುವಂತೆ, ಮಡಿಲಲ್ಲಿ ಇಟ್ಟುಕೊಂಡು ಹೋಗಿ. ಈ ವಿಷಯದಲ್ಲಿ ವಾಟರ್ ಕಿಟ್ ಹಗುರ.

ಬಕೆಟ್, ಐಸ್ ಮತ್ತು ಇಬ್ಬನಿ

ಕಿಟ್‌ಗೆ ಹಣವಿಲ್ಲದ ಉತ್ಸಾಹಿಗಳು ಬೇರೆ ದಾರಿ ಹಿಡಿಯುತ್ತಾರೆ. ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ವಾಟರ್ ಬ್ಲಾಕ್ ತರಿಸಿ, ಏರ್ ಕೂಲರ್‌ನ ಪುಟ್ಟ ಪಂಪ್ ಅನ್ನು ಬಕೆಟ್‌ನಲ್ಲಿ ಮುಳುಗಿಸಿ, ಪೈಪ್ ಜೋಡಿಸಿ ಬಿಡುವುದು. ಮೊದಲ ಹದಿನೈದು ನಿಮಿಷ ಫಲಿತಾಂಶ ಅದ್ಭುತ. ಆಮೇಲೆ? ಬಕೆಟ್‌ನಲ್ಲಿ 15 ಲೀಟರ್ ನೀರಿದೆ, ಪ್ರೊಸೆಸರ್ 150 ವ್ಯಾಟ್ ಸುರಿಯುತ್ತಿದೆ ಎಂದುಕೊಳ್ಳಿ. ತಾಸಿಗೆ ಎಂಟೂವರೆ ಡಿಗ್ರಿಯಂತೆ ನೀರು ಬಿಸಿಯಾಗುತ್ತದೆ. 28 ಡಿಗ್ರಿಯಲ್ಲಿ ಶುರುವಾದದ್ದು ಎರಡು ತಾಸಿನಲ್ಲಿ 40 ದಾಟಿ ಸ್ನಾನಕ್ಕೆ ಹದವಾಗಿರುತ್ತದೆ. ರೇಡಿಯೇಟರ್ ಇಲ್ಲದ ನೀರು ಬಿಸಿಯನ್ನು ಸಾಲ ಪಡೆದಿರುತ್ತದೆಯೇ ಹೊರತು ತೀರಿಸಿರುವುದಿಲ್ಲ. ಜೊತೆಗೆ ತೆರೆದ ನೀರು ಸೊಳ್ಳೆಗೆ ಮನೆ. ಡೆಂಗ್ಯೂ ಮಲೇರಿಯಾ ಭಯದಿಂದ ಮಹಾನಗರ ಪಾಲಿಕೆ ಪ್ರತಿ ಮಳೆಗಾಲ ನಿಂತ ನೀರು ಚೆಲ್ಲಿ ಎಂದು ಮನೆಮನೆಗೆ ಹೇಳುತ್ತಿರುವಾಗ ಹಾಲ್‌ನಲ್ಲೇ ಬಕೆಟ್ ಇಟ್ಟುಕೊಳ್ಳುವುದು ಬುದ್ಧಿವಂತಿಕೆಯಲ್ಲ. 230 ವೋಲ್ಟ್‌ನ ಪಂಪ್, ತೆರೆದ ನೀರು, ಅಂಬೆಗಾಲಿಡುವ ಮಗು, ಈ ಮೂರೂ ಒಂದೇ ಕೋಣೆಯಲ್ಲಿ ಇರಲೇಬಾರದು.

ಬಕೆಟ್ ಬಿಸಿಯಾಯಿತೆಂದು ಫ್ರಿಜ್‌ನಿಂದ ಐಸ್ ತಂದು ಹಾಕುವುದು ಇನ್ನೂ ದೊಡ್ಡ ತಪ್ಪು, ಅದರಲ್ಲೂ ಬೊರಿವಲಿಯಂಥ ಕಡಲಂಚಿನ ಊರಿನಲ್ಲಿ. ಫ್ರಿಜ್‌ನಿಂದ ತೆಗೆದ ಬಾಟಲಿ ಎರಡೇ ನಿಮಿಷದಲ್ಲಿ ಹೊರಗೆಲ್ಲ ಬೆವರುತ್ತದಲ್ಲ? ಗಾಳಿಯಲ್ಲಿರುವ ತೇವ ತಣ್ಣನೆಯ ಮೈಗೆ ತಾಗಿ ನೀರಾಗುವುದು ಹಾಗೆ. ಯಾವ ತಾಪಮಾನದಲ್ಲಿ ಹೀಗೆ ಹನಿ ಕಟ್ಟಲು ಶುರುವಾಗುತ್ತದೋ ಅದು ಇಬ್ಬನಿ ಬಿಂದು. ಜುಲೈನ ಒಂದು ದಿನ 28 ಡಿಗ್ರಿ, ತೇವಾಂಶ ಶೇ 85 ಇದ್ದರೆ ಇಬ್ಬನಿ ಬಿಂದು ಸುಮಾರು 25 ಡಿಗ್ರಿ. ಅಂದರೆ ಕೋಣೆಗಿಂತ ಬರೀ ಮೂರು ಡಿಗ್ರಿ ತಣ್ಣಗಾದರೂ ಪೈಪ್, ಬ್ಲಾಕ್, ಅದರ ಕೆಳಗಿನ ಮದರ್‌ಬೋರ್ಡ್ ಎಲ್ಲವೂ ಬೆವರುತ್ತವೆ. ಎಲ್ಲೂ ಸೋರದಿದ್ದರೂ ಶಾರ್ಟ್ ಆಗುತ್ತದೆ. ಲ್ಯಾಪ್‌ಟಾಪ್ ಕೆಳಗೆ ಐಸ್ ಪ್ಯಾಕ್ ಇಡುವವರಿಗೂ ಇದೇ ಮಾತು. ಅಂಗಡಿಯಲ್ಲಿ ಸಿಗುವ ಮೊಹರಾದ ಕಿಟ್‌ಗಳಿಗೆ ಈ ಭಯವಿಲ್ಲ, ಏಕೆಂದರೆ ಅವು ಎಂದೂ ಕೋಣೆಯ ತಾಪಮಾನಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ.

ಊರಿನಲ್ಲಿ ಲಾವಂಚದ ಪರದೆಗೆ ನೀರು ಚಿಮುಕಿಸಿ, ಮಣ್ಣಿನ ಗಡಿಗೆಯ ನೀರು ಕುಡಿದು ಬೆಳೆದ ಉತ್ತರ ಕರ್ನಾಟಕದವರಿಗೆ ಇನ್ನೊಂದು ಉಪಾಯ ಹೊಳೆಯಬಹುದು. ಏರ್ ಕೂಲರ್ ಇಟ್ಟರೆ ಹೇಗೆ? ಕಲಬುರಗಿಯ ಮೇ ಮಧ್ಯಾಹ್ನ 41 ಡಿಗ್ರಿ, ತೇವಾಂಶ ಶೇ 20 ಇದ್ದಾಗ ನೀರು ಆರಿ ಗಾಳಿಯನ್ನು ಹೆಚ್ಚೆಂದರೆ 23 ಡಿಗ್ರಿಯ ಹತ್ತಿರಕ್ಕೆ ಇಳಿಸಬಲ್ಲದು. ಬೊರಿವಲಿಯ 33 ಡಿಗ್ರಿ, ಶೇ 65ರ ಗಾಳಿಯಲ್ಲಿ ಆ ಮಿತಿ 27ರ ಮೇಲೆಯೇ ನಿಂತುಬಿಡುತ್ತದೆ. ಅಲ್ಲಿ 18 ಡಿಗ್ರಿಯ ಲಾಭ, ಇಲ್ಲಿ ಐದಾರು ಡಿಗ್ರಿ, ಅದೂ ಪುಸ್ತಕದ ಲೆಕ್ಕದಲ್ಲಿ. ಮೇಲಾಗಿ ಕೋಣೆಯ ತೇವ ಇನ್ನಷ್ಟು ಏರಿ ಮನುಷ್ಯರಿಗೆ ಉಸಿರುಗಟ್ಟುತ್ತದೆ. ಕಲಬುರಗಿ, ರಾಯಚೂರು, ವಿಜಯಪುರದ ಮನೆಗಳಲ್ಲಿ ಏರ್ ಕೂಲರ್‌ನ ಎದುರು ಕಂಪ್ಯೂಟರ್ ಇದ್ದರೆ ನಿಜಕ್ಕೂ ಹಿತ, ಹನಿ ಸಿಡಿಯದಷ್ಟು ದೂರವಿದ್ದರೆ ಸಾಕು. ಮುಂಬೈಗೂ ಮಂಗಳೂರಿಗೂ ಅದು ಹೊಂದದು.

ಖರ್ಚಿಲ್ಲದ ಮೌನ

ಕೂಲರ್ ಬದಲಿಸುವ ಮುನ್ನ ಮಾಡಬಹುದಾದದ್ದು ಬಹಳ ಇದೆ, ಅದರಲ್ಲೂ ಬಿಸಿಯನ್ನು ಹುಟ್ಟಿದಲ್ಲೇ ತಗ್ಗಿಸುವುದು. ಹುಟ್ಟದ ಬಿಸಿಗೆ ಫ್ಯಾನೂ ಬೇಡ, ನೀರೂ ಬೇಡ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಎಂಬುದನ್ನು 100ರಿಂದ 99ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಪ್ರೊಸೆಸರ್ ಟರ್ಬೊ ವೇಗಕ್ಕೆ ಏರುವುದನ್ನು ನಿಲ್ಲಿಸುತ್ತದೆ. ಕಚೇರಿ ಕೆಲಸದಲ್ಲಿ ವ್ಯತ್ಯಾಸ ಗೊತ್ತೇ ಆಗದು, ಸದ್ದು ಮಾತ್ರ ಕುಸಿಯುತ್ತದೆ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆ ಮರೆಯಾಗಿರುತ್ತದೆ. ಗೇಮ್ ಆಡುವವರು ಗ್ರಾಫಿಕ್ಸ್ ಕಾರ್ಡ್‌ನ ಪವರ್ ಮಿತಿಯನ್ನು ಶೇ 20ರಷ್ಟು ತಗ್ಗಿಸಿ ನೋಡಲಿ. ಮಾನಿಟರ್ ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸುವಾಗ ಕಾರ್ಡ್ 140 ಚಿತ್ರ ಬಿಡಿಸಿ ಬೆವರುವುದೇಕೆ? ಅದಕ್ಕೂ 60ರ ಮಿತಿ ಹಾಕಿ.

ಮುಂದಿನದು ಬಯಾಸ್‌ನಲ್ಲಿರುವ ಫ್ಯಾನ್ ಸೆಟ್ಟಿಂಗ್. ನಾಲ್ಕು ಪಿನ್‌ನ ಫ್ಯಾನ್‌ಗಳ ವೇಗವನ್ನು ಮದರ್‌ಬೋರ್ಡ್ ಹತೋಟಿಯಲ್ಲಿ ಇಡುತ್ತದೆ. 60 ಡಿಗ್ರಿವರೆಗೆ ನಿಧಾನವಾಗಿ ತಿರುಗಿ, ಆಮೇಲೆ ಮೆಲ್ಲಗೆ ಏರುವಂತೆ ಹೊಂದಿಸಿ, ತಾಪಮಾನ ಬದಲಾದ ಕೂಡಲೇ ಓಡದೆ ಕೆಲವು ಸೆಕೆಂಡ್ ತಡೆದು ಏರುವಂತೆ ಮಾಡಿದರೆ ಭೋರ್ಗರೆತದ ಅರ್ಧ ಕಾಟ ಅಲ್ಲಿಗೇ ಮುಗಿಯಿತು. 75 ಡಿಗ್ರಿ ಕಂಡು ಗಾಬರಿ ಬೀಳಬೇಕಿಲ್ಲ, ಚಿಪ್‌ಗೆ ಅದು ಜ್ವರವಲ್ಲ.

ಆಮೇಲೆ ಧೂಳು. ಕಟ್ಟಡ ಒಡೆಯುವ ಸಿಮೆಂಟ್ ಪುಡಿ, ಅಗರಬತ್ತಿಯ ಹೊಗೆ, ಒಗ್ಗರಣೆಯ ಎಣ್ಣೆ, ಖಾಡಿಯ ತೇವ ಎಲ್ಲ ಸೇರಿ ಹಾಳೆಗಳ ನಡುವೆ ಕಂಬಳಿ ಹೊದಿಸಿದಂತೆ ಪದರ ಕಟ್ಟಿರುತ್ತದೆ. ಎರಡು-ಮೂರು ತಿಂಗಳಿಗೊಮ್ಮೆ ಪ್ಲಗ್ ತೆಗೆದು ಬ್ಲೋವರ್ ಹಿಡಿಯಿರಿ. ಆಗ ಫ್ಯಾನ್‌ನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಇಲ್ಲದಿದ್ದರೆ ಅಳತೆ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ನಾಲ್ಕೈದು ವರ್ಷ ಹಳೆಯ ಯಂತ್ರವಾದರೆ ಪ್ರೊಸೆಸರ್‌ಗೂ ಕೂಲರ್‌ಗೂ ನಡುವಿನ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಕೆಲವು ನೂರು ರೂಪಾಯಿಯ ಒಂದು ಟ್ಯೂಬ್‌ನಿಂದ ಹತ್ತಾರು ಡಿಗ್ರಿ ಇಳಿದ ಉದಾಹರಣೆಗಳಿವೆ. ಮುಚ್ಚಿದ ಖಾನೆಯ ಕಂಪ್ಯೂಟರ್ ಟೇಬಲ್ ಇದ್ದರೆ ಹಿಂದಿನ ಹಲಗೆ ಕಿತ್ತುಹಾಕಿ. ಖಾನೆಯೊಳಗೆ ಬಿಟ್ಟ ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುವ ಯಂತ್ರಕ್ಕೆ ಯಾವ ಕೂಲರ್ ಹಾಕಿದರೂ ವ್ಯರ್ಥ.

ಹೊಸದಾಗಿ ಕೊಳ್ಳುವವರಿಗಂತೂ ಫ್ಯಾನೇ ಇಲ್ಲದ ದಾರಿ ಈಗ ತೆರೆದಿದೆ. ಆಪಲ್‌ನ 2020ರ ಎಂ1 ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನ್ ಇಲ್ಲ. 2023ರಲ್ಲಿ ಬಂದ ಇಂಟೆಲ್ ಎನ್100 ಚಿಪ್‌ನ ಲೆಕ್ಕ 6 ವ್ಯಾಟ್ ಮಾತ್ರ. ಅದನ್ನು ಹಾಕಿದ ಅಂಗೈಯಗಲದ ಡಬ್ಬಿಗಳಲ್ಲಿ ಕೆಲವು ಫ್ಯಾನ್ ಇಲ್ಲದೆ ನಡೆಯುತ್ತವೆ. ಬ್ಯಾಂಕ್ ಕೆಲಸ, ಟೈಪಿಂಗ್, ಸಿನಿಮಾ, ಮಕ್ಕಳ ಪಾಠ ಇಷ್ಟಕ್ಕೇ ಆದರೆ ಹಾಲ್‌ನಲ್ಲಿ 300 ವ್ಯಾಟ್‌ನ ಡಬ್ಬ ಯಾಕಿರಬೇಕು?

ನೀರೇ ಬೇಕೆನ್ನುವವರಿಗೆ

ಇಷ್ಟಾಗಿಯೂ ವಾಟರ್ ಕಿಟ್ ಬೇಕೆನಿಸಿದರೆ, ಬೇಕಾಗುವಂಥ ಕೆಲಸವೂ ಇದ್ದರೆ, ಜೋಡಿಸುವಾಗ ಒಂದನ್ನು ನೋಡಿಕೊಳ್ಳಿ. ಕಿಟ್‌ನೊಳಗಿನ ಗಾಳಿಗುಳ್ಳೆ ಯಾವಾಗಲೂ ಅತಿ ಎತ್ತರದ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಪಂಪ್ ಅಲ್ಲಿದ್ದರೆ ಗಳಗಳ ಸದ್ದು ಮಾಡುತ್ತ ಒಣಗಿ ತಿರುಗಿ ಬೇಗ ಸಾಯುತ್ತದೆ. ರೇಡಿಯೇಟರ್ ಕ್ಯಾಬಿನೆಟ್‌ನ ತಲೆಯ ಮೇಲಿದ್ದರೆ ನಿಶ್ಚಿಂತೆ. ಮುಂಭಾಗದಲ್ಲಿದ್ದರೆ ಅದರ ಮೇಲ್ತುದಿ ಪಂಪ್‌ಗಿಂತ ಎತ್ತರವಿರಬೇಕು. ಮೊಹರಾಗಿದ್ದರೂ ರಬ್ಬರ್ ಕೊಳವೆಯ ಮೂಲಕ ನೀರು ವರ್ಷಗಳಲ್ಲಿ ಇಷ್ಟಿಷ್ಟೇ ಆರಿಹೋಗುತ್ತದೆ. ಹಾಗಾಗಿ ಐದಾರು ವರ್ಷವೇ ಅದರ ಬಾಳಿಕೆ ಎಂದು ಹಿಡಿಯಿರಿ. ಪಂಪ್ ನಿಂತರೆ ತಾಪಮಾನ ಒಂದೆರಡು ನಿಮಿಷದಲ್ಲಿ ನೂರರತ್ತ ಓಡುತ್ತದೆ. ಟವರ್ ಕೂಲರ್‌ನ ಫ್ಯಾನ್ ಕೆಟ್ಟರೆ ಕಾಲೊನಿಯ ಅಂಗಡಿಯಲ್ಲೇ ಇನ್ನೊಂದು ಸಿಗುತ್ತದೆ, ಪಂಪ್ ಕೆಟ್ಟರೆ ಕಿಟ್ ಪೂರ್ತಿ ಎಸೆಯಬೇಕು. ಬಿಲ್ ಜೋಪಾನ ಮಾಡಿ, ಸೋರಿಕೆಯಿಂದ ಬೇರೆ ಭಾಗ ಹಾಳಾದರೆ ವಾರಂಟಿ ಅದಕ್ಕೂ ಅನ್ವಯಿಸುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿ.

ಬಿಡಿ ಭಾಗ ತಂದು ತಾವೇ ಪೈಪ್ ಜೋಡಿಸುವ ಹವ್ಯಾಸಿಗಳ ಲೋಕವೇ ಬೇರೆ. ಖರ್ಚು ಮೂವತ್ತು ಸಾವಿರ ಮೀರುವುದು ಮಾಮೂಲು. ನಲ್ಲಿ ನೀರಾಗಲಿ ಬೋರ್‌ವೆಲ್ ನೀರಾಗಲಿ ಅದರೊಳಗೆ ಹೋಗಬಾರದು, ಲವಣ ಕಟ್ಟಿ ಸಣ್ಣ ಕಾಲುವೆಗಳು ಮುಚ್ಚಿಹೋಗುತ್ತವೆ. ಡಿಸ್ಟಿಲ್ಡ್ ವಾಟರ್‌ಗೆ ಪಾಚಿ ಕಟ್ಟದಂತೆ, ತುಕ್ಕು ಹಿಡಿಯದಂತೆ ಮಾಡುವ ದ್ರಾವಣ ಸೇರಿಸಬೇಕು. ತಾಮ್ರದ ಬ್ಲಾಕ್ ಜೊತೆ ಅಲ್ಯೂಮಿನಿಯಂ ರೇಡಿಯೇಟರ್ ಜೋಡಿಸಿದರೆ ಎರಡು ಲೋಹ ಒಂದೇ ನೀರಿನಲ್ಲಿ ಬ್ಯಾಟರಿಯಂತೆ ವರ್ತಿಸಿ ಅಲ್ಯೂಮಿನಿಯಂ ಕರಗತೊಡಗುತ್ತದೆ. ಅಗ್ಗದ ಆನ್‌ಲೈನ್ ಕಿಟ್‌ಗಳು ಎಡವುವುದು ಇಲ್ಲೇ. ಡಿಸ್ಟಿಲ್ಡ್ ವಾಟರ್ ವಿದ್ಯುತ್ ಹರಿಸುವುದಿಲ್ಲ, ಸೋರಿದರೂ ಪರವಾಗಿಲ್ಲ ಎಂಬ ಮಾತನ್ನು ನಂಬಬೇಡಿ. ಬೋರ್ಡಿನ ಮೇಲಿನ ಧೂಳು ಮತ್ತು ಕಡಲ ಉಪ್ಪಿನಂಶ ಬೆರೆತ ಮರುಕ್ಷಣವೇ ಅದು ಮಾಮೂಲಿ ನೀರು. ಜೋಡಿಸಿದ ಮೇಲೆ ಕಂಪ್ಯೂಟರ್‌ಗೆ ಕರೆಂಟ್ ಕೊಡದೆ, ಪಂಪ್ ಒಂದನ್ನೇ ಒಂದು ದಿನ ಓಡಿಸಿ, ಜೋಡಣೆಗಳ ಕೆಳಗೆ ಟಿಶ್ಯೂ ಪೇಪರ್ ಹಾಸಿ ಎಲ್ಲಿ ಒದ್ದೆಯಾಗುತ್ತದೆ ಎಂದು ನೋಡಿಯೇ ಮುಂದುವರಿಯಬೇಕು.

ಮೇ ತಿಂಗಳಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೊರಡುವ ಮುಂಬೈ ಕನ್ನಡಿಗರು ಹೊರಡುವ ಮುನ್ನ ಪ್ಲಗ್ ತೆಗೆದು ಕ್ಯಾಬಿನೆಟ್ ಮೇಲೊಂದು ಬಟ್ಟೆ ಹೊದಿಸಿದರೆ ಧೂಳು ತಪ್ಪುತ್ತದೆ. ಕೈಯಾರೆ ಪೈಪ್ ಜೋಡಿಸಿಕೊಂಡವರು ವಾಪಸ್ ಬಂದಾಗ ಸ್ವಿಚ್ ಒತ್ತುವ ಮೊದಲು ಟ್ಯಾಂಕಿನಲ್ಲಿ ನೀರಿನ ಮಟ್ಟ ಎಷ್ಟಿದೆ, ಬಣ್ಣ ಹಸಿರಾಗಿದೆಯೇ ಎಂದು ಟಾರ್ಚ್ ಹಿಡಿದು ನೋಡಬೇಕು. ಮಟ್ಟ ಇಳಿದಿದ್ದರೆ ಮೊದಲು ಎಲ್ಲಿ ಸೋರಿದೆ ಎಂದು ಹುಡುಕಿ, ಆಮೇಲೆ ತುಂಬಿಸಿ. ಟವರ್ ಕೂಲರ್ ಇದ್ದವರು ಬಟ್ಟೆ ತೆಗೆದು ಸ್ವಿಚ್ ಹಾಕಿದರಾಯಿತು.